ಜೋಳದ ರೊಟ್ಟಿಗೆ ಗಟ್ಟಿ ಕೆಂಪು ವೈನ್: ಸೊಲ್ಲಾಪುರ ಸೀಮೆಯವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಗಟ್ಟಿ ಕೆಂಪು ವೈನ್ ಜೊತೆ ಏನು ತಿನ್ನಬೇಕು ಅಂತ ಹುಡುಕಿದರೆ ಸಿಗುವ ಉತ್ತರ ಸ್ಟೇಕ್, ಹಳೆಯ ಚೀಸ್, ಹುರಿದ ಕುರಿ ತೊಡೆ. ಸೊಲ್ಲಾಪುರ, ಅಕ್ಕಲಕೋಟ, ಜತ್ತದ ಅಡುಗೆಮನೆಗಳಲ್ಲಿ ಇರುವುದು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಭಾನುವಾರ ಬಂದರೆ ಮಟನ್. ಹಾಗಂತ ವೈನ್ ನಮಗೆ ದೂರದ ವಸ್ತು ಅಲ್ಲ. ನಮ್ಮದೇ ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್ ಸುತ್ತಮುತ್ತ ಫ್ರಾಟೆಲ್ಲಿ ಎಂಬ ವೈನ್ ಕಂಪನಿಯ ದ್ರಾಕ್ಷಿ ತೋಟಗಳಿವೆ. ಇಟಲಿಯ, ದೆಹಲಿಯ ಮತ್ತು ಅಕ್ಲೂಜಿನ ಅಣ್ಣತಮ್ಮಂದಿರು ಕೂಡಿ ಕಟ್ಟಿದ್ದು ಅದು. ವೈನ್ ಮಾಡಿಸಲು ಇಟಲಿಯ ಟಸ್ಕನಿಯಿಂದ ಪಿಯೆರೊ ಮಾಸಿ ಬಂದರು. ಅಲ್ಲಿನ ಸೆಟ್ಟೆ ಎಂಬ ಬಾಟಲಿ ಸ್ಯಾಂಜಿಯೊವೆಸೆ ಮತ್ತು ಕ್ಯಾಬರ್ನೆ ಸುವಿನ್ಯೋ ದ್ರಾಕ್ಷಿಗಳ ಮಿಶ್ರಣ. ಹೀಗೆ ಜಿಲ್ಲೆಯ ಒಂದು ತುದಿಯಲ್ಲಿ ಗಟ್ಟಿ ಕೆಂಪು ವೈನ್ ತಯಾರಾಗುತ್ತದೆ, ಇನ್ನೊಂದು ತುದಿಯಲ್ಲಿ ನಾವು ಅದಕ್ಕೆ ಚೀಸ್ ಎಲ್ಲಿ ಸಿಗುತ್ತದೆ ಅಂತ ಹುಡುಕುತ್ತೇವೆ.

ಚೀಸ್ ಬೇಕಿಲ್ಲ. ಮಾಂಸವೂ ಬೇಕೇಬೇಕು ಅಂತಿಲ್ಲ. ಈ ಬಗೆಯ ವೈನ್‌ಗೆ ಬೇಕಾಗಿರುವುದು ಎಣ್ಣೆಯಂಶ, ಉಪ್ಪು ಮತ್ತು ಹುರಿದ ಘಮ. ನಮ್ಮ ಊಟದಲ್ಲಿ ಮೂರೂ ಧಾರಾಳವಾಗಿವೆ. ಕೆಡಿಸುವುದು ಒಂದೇ, ಜಾಸ್ತಿ ಖಾರ. ಮಸಾಲೆ ಬೇರೆ, ಖಾರ ಬೇರೆ. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ಕೆಳಗಿದೆ.

ಮೊದಲು, ಗಟ್ಟಿ ಅಂದರೆ ಏನು

ಜತ್ತದಲ್ಲಿ ದ್ರಾಕ್ಷಿ ಬೆಳೆಯುವ ನಮ್ಮ ಮಾವ ಮೊದಲ ಸಲ ಶಿರಾಜ್ ಎಂಬ ಕೆಂಪು ವೈನ್ ಕುಡಿದಾಗ ಮುಖ ಹಿಂಡಿ ಹೇಳಿದ್ದು ಇಷ್ಟೇ: "ಏನೋ ತಮ್ಮಾ ಇದು, ಬಾಯಾಗಿನ ನೀರೆಲ್ಲಾ ಎಳಕೊಂಡ್ ಹೋತಲ್ಲ!" ಅವರು ತಪ್ಪು ಹೇಳಲಿಲ್ಲ. ಗಟ್ಟಿ ಕೆಂಪು ವೈನ್‌ನ ಮೊದಲ ಗುರುತೇ ಒಗರು.

ಈ ಒಗರು ಬರುವುದು ಟ್ಯಾನಿನ್‌ನಿಂದ. ಅದು ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಲ್ಲಿ ಇರುತ್ತದೆ. ನಮ್ಮ ತೋಟಗಳ ಥಾಮ್ಸನ್, ಸೋನಾಕಾ ತಿನ್ನುವ ದ್ರಾಕ್ಷಿಗಳು. ತೆಳು ಸಿಪ್ಪೆ, ಬೀಜವಿಲ್ಲ. ವೈನ್ ದ್ರಾಕ್ಷಿ ಇದಕ್ಕೆ ಉಲ್ಟಾ. ಕಾಳು ಸಣ್ಣದು, ಸಿಪ್ಪೆ ದಪ್ಪ, ಬೀಜ ಇದ್ದೇ ಇರುತ್ತದೆ. ಕೆಂಪು ವೈನ್‌ನ ಬಹುತೇಕ ದ್ರಾಕ್ಷಿಗಳ ಒಳಗಿನ ತಿರುಳಿಗೆ ಬಣ್ಣವೇ ಇಲ್ಲ. ಬಣ್ಣ ಸಿಪ್ಪೆಯದು. ಅದಕ್ಕೇ ಕೆಂಪು ವೈನ್ ಮಾಡುವಾಗ ರಸವನ್ನು ಸಿಪ್ಪೆ, ಬೀಜದ ಜೊತೆಗೇ ಹುಳಿಯಲು ಬಿಡುತ್ತಾರೆ. ಬಣ್ಣದ ಜೊತೆ ಒಗರೂ ಇಳಿಯುತ್ತದೆ.

ಟ್ಯಾನಿನ್ ಬಾಯಿಗೆ ಬಂದಾಗ ಎಂಜಲಿನ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಎಂಜಲಿನ ಜಾರು ಹೋಗುತ್ತದೆ, ನಾಲಿಗೆ ಒಣಗಿದಂತೆ ಅನಿಸುತ್ತದೆ. ಅದೇ ಹೊತ್ತಿಗೆ ಬಾಯಲ್ಲಿ ಎಣ್ಣೆ, ಬೆಣ್ಣೆ, ಮಾಂಸ ಅಥವಾ ಕಾಳು ಇದ್ದರೆ ಟ್ಯಾನಿನ್ ಅವುಗಳಿಗೂ ಅಂಟಿಕೊಳ್ಳುತ್ತದೆ. ಎಂಜಲು ಉಳಿಯುತ್ತದೆ, ವೈನ್ ಮೆತ್ತಗಾಗುತ್ತದೆ. ಊಟ ಹೊಂದಿಸುವ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಒಗರಿನ ಜೊತೆ ಗಾಢ ಬಣ್ಣ, ಬಾಯಿ ತುಂಬುವ ತೂಕ, 13ರಿಂದ 14.5 ಶೇಕಡಾ ಆಲ್ಕೋಹಾಲ್ ಸೇರಿದರೆ ಅದು ಗಟ್ಟಿ ವೈನ್. ಲೇಬಲ್ ಮೇಲೆ ಕ್ಯಾಬರ್ನೆ ಸುವಿನ್ಯೋ, ಶಿರಾಜ್, ಮಾಲ್ಬೆಕ್ ಅಂತ ಇದ್ದರೆ ಸಾಮಾನ್ಯವಾಗಿ ಇದೇ ಜಾತಿ.

ಬಾಟಲಿ ಕೊಳ್ಳುವಾಗ

ನಮ್ಮ ಕಡೆ ವೈನ್ ಅಂದರೆ ಅನೇಕರಿಗೆ ಗೊತ್ತಿರುವುದು ಸಿಹಿಯಾದ ಪೋರ್ಟ್. ಅದರ ರುಚಿ ಮನಸ್ಸಿನಲ್ಲಿಟ್ಟುಕೊಂಡು ಕ್ಯಾಬರ್ನೆ ಕುಡಿದರೆ ಬೇಜಾರಾಗುತ್ತದೆ. ಇದರಲ್ಲಿ ಸಿಹಿ ಇರುವುದಿಲ್ಲ. ದ್ರಾಕ್ಷಿಯ ಸಕ್ಕರೆಯೆಲ್ಲ ಹೆಚ್ಚುಕಮ್ಮಿ ಆಲ್ಕೋಹಾಲ್ ಆಗಿ ಹೋಗಿರುತ್ತದೆ. ಅದಕ್ಕೇ ಇದನ್ನು ಡ್ರೈ ಅನ್ನುತ್ತಾರೆ.

ನಮ್ಮ ದೇಶದವೇ ಸಾಕಷ್ಟಿವೆ. ಅಕ್ಲೂಜಿನ ಸೆಟ್ಟೆ ಹೇಳಿದೆ. ನಾಸಿಕದ ಸುಲಾದವರ ರಾಸಾ ಶಿರಾಜ್ ಇದೆ. ನಂದಿಬೆಟ್ಟದ ಬುಡದ ಗ್ರೋವರ್ ಜಂಪಾದ ಲಾ ರಿಸರ್ವ್ ಕ್ಯಾಬರ್ನೆ ಮತ್ತು ಶಿರಾಜ್ ಕೂಡಿದ್ದು. ಹಂಪಿ ಸೀಮೆಯ ಕೃಸ್ಮಾದವರ ಕ್ಯಾಬರ್ನೆಯೂ ಗಟ್ಟಿಯೇ. ಮೊದಲ ಸಲಕ್ಕೆ ದುಬಾರಿ ಬಾಟಲಿ ಬೇಡ. ಅದೇ ಕಂಪನಿಗಳ ಮಧ್ಯಮ ದರದ ಶಿರಾಜ್ ತನ್ನಿ. ಕ್ಯಾಬರ್ನೆಗಿಂತ ಶಿರಾಜ್ ನಮ್ಮ ಮಸಾಲೆಗೆ ಬೇಗ ಹೊಂದುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಅಂಗಡಿಯಲ್ಲಿ ಬಾಟಲಿ ಎಲ್ಲಿ ನಿಂತಿದೆ ಅಂತ ನೋಡಿ. ಬಾಗಿಲ ಬಳಿ ಬಿಸಿಲು ಬೀಳುವ ಕಪಾಟಿನಲ್ಲಿ ತಿಂಗಳುಗಟ್ಟಲೆ ನಿಂತದ್ದು ಬೇಡ. ಸೊಲ್ಲಾಪುರದ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಆ ಶಾಖಕ್ಕೆ ವೈನ್ ಬೆಂದುಹೋಗುತ್ತದೆ, ಹಣ್ಣಿನ ತಾಜಾತನ ಹೋಗಿ ಕುದಿಸಿದ ಒಣದ್ರಾಕ್ಷಿಯ ವಾಸನೆ ಬರುತ್ತದೆ. ಕಾರ್ಕ್ ಸ್ವಲ್ಪ ಮೇಲೆದ್ದಿದ್ದರೆ, ಕುತ್ತಿಗೆಯ ಬಳಿ ಸೋರಿದ ಕಲೆ ಇದ್ದರೆ ಬಿಟ್ಟುಬಿಡಿ. ತಿರುಗಣೆ ಮುಚ್ಚಳದ ಬಾಟಲಿ ಅಂದರೆ ಅಗ್ಗದ್ದು ಅಂತ ಅಂದುಕೊಳ್ಳಬೇಡಿ. ನಮ್ಮ ಹವಾಮಾನಕ್ಕೆ ಅದೇ ಒಳ್ಳೆಯದು. ಇನ್ನು ಮಹಾರಾಷ್ಟ್ರದಲ್ಲಿ ವೈನ್ ಕೊಳ್ಳಲು, ಕುಡಿಯಲು 21 ತುಂಬಿರಬೇಕು, ಪರ್ಮಿಟ್ ಕೂಡ ಬೇಕು. ಆಷಾಢ ಏಕಾದಶಿಯಂಥ ದಿನ ಅಂಗಡಿ ಬಂದ್ ಇರುತ್ತದೆ. ನೆಂಟರನ್ನು ಕರೆಯುವ ಮುಂಚೆ ಕ್ಯಾಲೆಂಡರ್ ನೋಡಿಕೊಳ್ಳಿ.

ತಂಪು ಮಾಡುವುದು, ಗಾಳಿ ತೋರಿಸುವುದು

ಕೆಂಪು ವೈನನ್ನು ಫ್ರಿಜ್‌ನಲ್ಲಿ ಇಡಬಾರದು ಅನ್ನುವ ಮಾತು ಯೂರೋಪಿನ ತಣ್ಣನೆಯ ಮನೆಗಳದ್ದು. ಅಲ್ಲಿ ಕೋಣೆಯ ಶಾಖವೇ 18 ಡಿಗ್ರಿ ಇರುತ್ತಿತ್ತು. ನಮ್ಮ ಕೋಣೆ 32 ಡಿಗ್ರಿ ಇದ್ದರೆ ಅಲ್ಲಿನ ಲೆಕ್ಕ ಇಲ್ಲಿ ನಡೆಯುತ್ತದಾ? ಬಿಸಿಯಾದ ವೈನ್‌ನಿಂದ ಮೊದಲು ಏಳುವುದು ಆಲ್ಕೋಹಾಲ್ ವಾಸನೆ. ಹಣ್ಣು ಎಲ್ಲೋ ಹಿಂದೆ ಉಳಿಯುತ್ತದೆ.

ಗಟ್ಟಿ ಕೆಂಪಿಗೆ 16ರಿಂದ 18 ಡಿಗ್ರಿ ಸರಿಯಾದ ಹದ. ಚಳಿಗಾಲದಲ್ಲಿ ಫ್ರಿಜ್‌ನಲ್ಲಿ 20 ನಿಮಿಷ ಇಟ್ಟರೆ ಸಾಕು. ಬೇಸಿಗೆಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಬಾಟಲಿ ಮುಟ್ಟಿದರೆ ಕೈಗೆ ತಂಪು ಅನಿಸಬೇಕು, ಕೊರೆಯಬಾರದು. ತೀರಾ ತಣ್ಣಗಾದರೂ ತೊಂದರೆ. ಒಗರು, ಕಹಿ ಎರಡೂ ಚುಚ್ಚುತ್ತವೆ. ಹಾಗಾದರೆ ಸುಮ್ನೆ ಹತ್ತು ನಿಮಿಷ ಹೊರಗೆ ಇಡಿ. ಐಸ್ ಮಾತ್ರ ಹಾಕಬೇಡಿ.

ತೆರೆದ ಕೂಡಲೇ ಕುಡಿಯಬೇಡಿ. ಎಳೆಯ ಗಟ್ಟಿ ವೈನ್‌ಗೆ ಅರ್ಧ ಗಂಟೆಯಿಂದ ಒಂದು ಗಂಟೆ ಗಾಳಿ ಸಿಕ್ಕರೆ ಮುಚ್ಚಿಕೊಂಡಿದ್ದ ವಾಸನೆ ಬಿಡಿಸಿಕೊಳ್ಳುತ್ತದೆ. ಬಾಟಲಿಯ ಬಾಯಿ ತೆರೆದಿಟ್ಟರೆ ಗಾಳಿ ಆಡುವುದಿಲ್ಲ, ಕುತ್ತಿಗೆ ಸಣ್ಣದು. ಅಗಲ ಬಾಯಿಯ ಗಾಜಿನ ಜಗ್‌ಗೆ ಬಗ್ಗಿಸಿ. ಜಗ್ ಮೊದಲು ಮೂಸಿ ನೋಡಿ. ಸಾಬೂನಿನ ವಾಸನೆ, ಮಜ್ಜಿಗೆಯ ವಾಸನೆ ಉಳಿದಿದ್ದರೆ ಎಲ್ಲ ಶ್ರಮ ವ್ಯರ್ಥ.

ಗ್ಲಾಸು ಕೆಳಗೆ ಅಗಲ, ಬಾಯಿಯ ಕಡೆ ಕಿರಿದು ಇರಲಿ. ಮೂರನೇ ಒಂದು ಪಾಲಿಗಿಂತ ಹೆಚ್ಚು ತುಂಬಬೇಡಿ. ಸ್ಟೀಲ್ ಲೋಟ ಬೇಡ. ಬಣ್ಣ ಕಾಣುವುದಿಲ್ಲ, ಘಮವೂ ನಿಲ್ಲುವುದಿಲ್ಲ.

ವೈನ್ ಇಲ್ಲದೆ ಒಂದು ಅಭ್ಯಾಸ

ಟ್ಯಾನಿನ್ ಅಂದರೆ ಏನು ಅಂತ ನಾಲಿಗೆಗೆ ಗೊತ್ತಾಗದೆ ವೈನ್ ರುಚಿ ನೋಡುವುದು ಕಷ್ಟ. ಇದಕ್ಕೆ ಬಾಟಲಿ ತೆರೆಯಬೇಕಾಗಿಲ್ಲ. ಮನೆಯಲ್ಲಿ ವೈನ್ ಕುಡಿಯದವರೂ ಇದನ್ನು ಮಾಡಬಹುದು, ಅವರೂ ಕೂತರೆ ಇನ್ನೂ ಮಜಾ.

ಎರಡು ಚಮಚ ಚಹಾಪುಡಿಯನ್ನು ಒಂದು ಲೋಟ ಕುದಿನೀರಿನಲ್ಲಿ ಹತ್ತು ನಿಮಿಷ ಬಿಡಿ. ಹಾಲು, ಸಕ್ಕರೆ ಬೇಡ. ಸೋಸಿ, ಆರಿಸಿ, ಒಂದು ಗುಟುಕು ಬಾಯಲ್ಲಿ ಆಡಿಸಿ. ಒಸಡು, ಕೆನ್ನೆಯ ಒಳಭಾಗ ಬಿಗಿದ ಹಾಗೆ ಆಗುತ್ತದಲ್ಲ, ಅದು ಒಗರು. ನಾಲಿಗೆಗೆ ರುಚಿಯಾಗಿ ತಿಳಿಯುವುದು ಕಹಿ. ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಲು ನೋಡಿ. ದಾಳಿಂಬೆಯ ಕಾಳುಗಳ ನಡುವಿನ ಬಿಳಿ ಪೊರೆ ಅಗಿದರೂ ಇದೇ ಒಗರು ಸಿಗುತ್ತದೆ. ನಮ್ಮ ಜಿಲ್ಲೆಯಲ್ಲಿ ದಾಳಿಂಬೆಗೆ ಬರವಿಲ್ಲ.

ಈಗ ಚಮಚ ಶೇಂಗಾ ಹಿಂಡಿ ತಿಂದು, ಮತ್ತೆ ಅದೇ ಚಹಾ ಕುಡಿಯಿರಿ. ಒಗರು ಇಳಿದಿರುತ್ತದೆ. ಮೂರನೇ ಸಲ ಹಸಿಮೆಣಸಿನಕಾಯಿ ಚೂರು ಕಚ್ಚಿ ಕುಡಿಯಿರಿ. ಬಾಯಿ ಉರಿಯುತ್ತದೆ, ಒಗರೂ ಒರಟಾಗುತ್ತದೆ. ನಾಲ್ಕನೇ ಸಲ ಬೆಲ್ಲ ತಿಂದು ಕುಡಿಯಿರಿ. ಬರೀ ಕಹಿ. ಮುಂದೆ ವೈನ್ ಜೊತೆ ಆಗುವುದೆಲ್ಲ ಈ ನಾಲ್ಕು ಗುಟುಕಿನಲ್ಲೇ ಇದೆ.

ರುಚಿ ನೋಡುವ ಕ್ರಮ

ಊಟಕ್ಕೆ ಮುಂಚೆ ನೋಡಿ. ಎಲೆ ಅಡಿಕೆ, ಗುಟ್ಕಾ, ಈಗಷ್ಟೇ ಹಲ್ಲುಜ್ಜಿದ ಪೇಸ್ಟ್, ಯಾವುದೂ ಬಾಯಲ್ಲಿರಬಾರದು. ಅಗರಬತ್ತಿ ಹಚ್ಚಿದ ಕೋಣೆಯಲ್ಲೂ ಕೂರಬೇಡಿ. ಒಗ್ಗರಣೆ ಹಾಕುವ ಹೊತ್ತೂ ಬೇಡ.

ಕಣ್ಣಿನ ಕೆಲಸ ಬೇಗ ಮುಗಿಯುತ್ತದೆ. ಬಿಳಿ ಕಾಗದದ ಮುಂದೆ ಗ್ಲಾಸನ್ನು ಓರೆ ಮಾಡಿ ಅಂಚು ನೋಡಿ. ನೇರಳೆ ಛಾಯೆ ಇದ್ದರೆ ಎಳೆಯದು. ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾಗಿದೆ. ಎಳೆಯ ವೈನ್ ಕಂದು ಬಣ್ಣಕ್ಕೆ ತಿರುಗಿದ್ದರೆ ಗಾಳಿ ತಗಲಿ ಕೆಟ್ಟಿರಬಹುದು. ಗ್ಲಾಸಿನ ಗೋಡೆಯ ಮೇಲೆ ಇಳಿಯುವ ಹನಿಗಳನ್ನು ನೋಡಿ ಕೆಲವರು ತಲೆದೂಗುತ್ತಾರೆ. ಅದು ಮುಖ್ಯವಾಗಿ ಆಲ್ಕೋಹಾಲಿನ ಗುರುತು, ಗುಣಮಟ್ಟದ್ದಲ್ಲ.

ಮೂಗಿಗೆ ಮಾತ್ರ ಸಮಯ ಕೊಡಿ. ಮೊದಲು ಅಲುಗಾಡಿಸದೆ ಮೂಸಿ. ಒದ್ದೆ ರಟ್ಟಿನ ವಾಸನೆ, ನೆಲಮಾಳಿಗೆಯ ಮುಗ್ಗಲು ಬಂದರೆ ಕಾರ್ಕ್ ಕೆಟ್ಟಿದೆ. ಗಾಳಿ ತೋರಿಸಿದರೂ ಅದು ಹೋಗುವುದಿಲ್ಲ. ವಿನೆಗರ್ ಚುಚ್ಚಿದರೂ ಬಾಟಲಿ ಬಿಡಬೇಕು. ಸರಿ ಇದ್ದರೆ ಗ್ಲಾಸನ್ನು ಮೇಜಿನ ಮೇಲಿಟ್ಟು ತಿರುಗಿಸಿ, ಮತ್ತೆ ಮೂಸಿ.

ಏನು ಹುಡುಕಬೇಕು? ಪುಸ್ತಕಗಳು ಬ್ಲ್ಯಾಕ್‌ಕರೆಂಟ್, ಸೀಡರ್ ಅನ್ನುತ್ತವೆ. ನಾವು ಮೂಸಿಯೇ ಇಲ್ಲದ ವಸ್ತುಗಳು ಅವು. ನೇರಳೆ ಹಣ್ಣು, ಒಣದ್ರಾಕ್ಷಿ, ಕರಿಮೆಣಸು, ಲವಂಗ, ಕಲ್ಲುಹೂವು, ಹುರಿದ ಕೊಬ್ಬರಿ, ಮಳೆ ಬಿದ್ದ ಕರಿ ಮಣ್ಣು. ಇವನ್ನು ಹುಡುಕಿ. ಇದು ಬರೀ ಕಲ್ಪನೆಯೂ ಅಲ್ಲ. ಶಿರಾಜ್‌ನಲ್ಲಿ ಮೆಣಸಿನ ವಾಸನೆ ಕೊಡುವ ರೊಟಂಡೋನ್ ಎಂಬ ವಸ್ತು ಕರಿಮೆಣಸಿನಲ್ಲೂ ಇದೆ. ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಇದನ್ನು ತೋರಿಸಿದರು. ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ಅದು ಗೊತ್ತೇ ಆಗುವುದಿಲ್ಲವಂತೆ. ಹಾಗಾಗಿ ಪಕ್ಕದವರು ಮೆಣಸು ಅಂದು, ನಿಮಗೆ ಬರದಿದ್ದರೆ ಜಗಳ ಬೇಡ. ಲವಂಗಕ್ಕೆ ಘಮ ಕೊಡುವ ಯೂಜಿನಾಲ್ ಎಂಬ ವಸ್ತು ವೈನ್ ಇಡುವ ಓಕ್ ಮರದ ಪೀಪಾಯಿಯಿಂದಲೂ ವೈನ್‌ಗೆ ಇಳಿಯುತ್ತದೆ. ವೆನಿಲ್ಲಾ, ಕೊಬ್ಬರಿ ವಾಸನೆಯೂ ಅಲ್ಲಿಂದಲೇ. ಕ್ಯಾಬರ್ನೆಯಲ್ಲಿ ಢಬ್ಬು ಮೆಣಸಿನಕಾಯಿಯ ಹಸಿ ವಾಸನೆ ಇದ್ದರೆ ಹಣ್ಣು ಪೂರ್ತಿ ಮಾಗುವ ಮುಂಚೆ ಕೊಯ್ದಿರಬಹುದು.

ನಮ್ಮ ಕರಿ ಮಸಾಲೆ ಮಾಡುವಾಗ ಲವಂಗ, ಮೆಣಸು, ಕಲ್ಲುಹೂವು, ಕೊಬ್ಬರಿ ಎಲ್ಲವನ್ನೂ ಹುರಿಯುತ್ತೇವೆ, ಅಲ್ವಾ? ಪೀಪಾಯಿಯಲ್ಲಿ ಬೆಳೆದ ಶಿರಾಜ್ ಈ ಮಸಾಲೆಯ ಪಕ್ಕ ಪರಕೀಯ ಅನಿಸದೇ ಇರುವುದು ಅದಕ್ಕೇ. ನನ್ನ ಸಲಹೆ: ಮಸಾಲೆ ಡಬ್ಬಿಯನ್ನೇ ಮೇಜಿನ ಮೇಲೆ ಇಟ್ಟುಕೊಳ್ಳಿ. ಒಮ್ಮೆ ಲವಂಗ, ಒಮ್ಮೆ ವೈನ್, ಒಮ್ಮೆ ಮೆಣಸು, ಒಮ್ಮೆ ವೈನ್ ಅಂತ ಮೂಸಿ. ಅರ್ಧ ತಾಸಿನಲ್ಲಿ ಮೂಗು ಚುರುಕಾಗುತ್ತದೆ.

ಆಮೇಲೆ ಬಾಯಿ. ದೊಡ್ಡ ಗುಟುಕು ತೆಗೆದುಕೊಂಡು ಐದಾರು ಸೆಕೆಂಡ್ ಆಡಿಸಿ. ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಜೊಲ್ಲು ಸುರಿಯುತ್ತಿದೆಯಾ? ಅದು ಹುಳಿ. ಒಸಡು ಬಿಗಿಯುತ್ತಿದೆಯಾ? ಅದು ಟ್ಯಾನಿನ್. ಗಂಟಲು ಬೆಚ್ಚಗಾಯಿತಾ? ಅದು ಆಲ್ಕೋಹಾಲ್. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ನಿಂತಿತು? ಹತ್ತು ಸೆಕೆಂಡ್ ದಾಟಿದರೆ ಒಳ್ಳೆಯ ಬಾಟಲಿ ಸಿಕ್ಕಿದೆ. ಎರಡು ಮೂರು ಬಾಟಲಿ ಹೋಲಿಸುವುದಾದರೆ ಪಕ್ಕದಲ್ಲಿ ಖಾಲಿ ಡಬ್ಬಿ ಇಟ್ಟು ಉಗುಳಿ. ವೃತ್ತಿಯವರೂ ಹಾಗೇ ಮಾಡುತ್ತಾರೆ.

ತಾಟಿನಲ್ಲಿ ಏನಿರಬೇಕು

ಶೇಂಗಾ ಹಿಂಡಿಯಿಂದಲೇ ಶುರು ಮಾಡಿ. ಸೊಲ್ಲಾಪುರದ ಹಿಂಡಿಯನ್ನು ಒರಳಲ್ಲಿ ಕುಟ್ಟಿರುತ್ತಾರೆ, ಎಣ್ಣೆ ಬಿಟ್ಟು ಮುದ್ದೆಯಂತೆ ಇರುತ್ತದೆ. ಎಣ್ಣೆ, ಪ್ರೋಟೀನ್, ಉಪ್ಪು, ಹುರಿದ ರುಚಿ, ನಾಲ್ಕೂ ಒಂದೇ ಕಡೆ. ಅಂಗಡಿಯದರಲ್ಲಿ ಖಾರ ಜಾಸ್ತಿ. ಮನೆಯಲ್ಲಿ ಮಾಡಿದರೆ ಖಾರವನ್ನು ಅರ್ಧ ಮಾಡಿ, ಬೆಳ್ಳುಳ್ಳಿ ಹಾಗೇ ಇರಲಿ. ಶೇಂಗಾದ ಕೆಂಪು ಸಿಪ್ಪೆ ಉಜ್ಜಿ ತೆಗೆಯಿರಿ. ಆ ಸಿಪ್ಪೆಯೇ ಒಗರು, ವೈನ್‌ನ ಒಗರಿಗೆ ಅದು ಸೇರಬಾರದು.

ಅದರ ಕೆಳಗೆ ಜೋಳದ ರೊಟ್ಟಿ. ಮಂಗಳವೇಢೆಯ ಮಾಲದಂಡಿ ಜೋಳದ್ದಾದರೆ ಸ್ವಲ್ಪ ಸಿಹಿಯೂ ಇರುತ್ತದೆ. ಕಟಕ ರೊಟ್ಟಿ ನಾಲಿಗೆಯನ್ನು ತೊಳೆದ ಹಾಗೆ ಮಾಡುತ್ತದೆ, ಒಂದು ಗುಟುಕಿನಿಂದ ಇನ್ನೊಂದಕ್ಕೆ ಹೋಗಲು ಚೆನ್ನ. ಆದರೆ ಒಣ ರೊಟ್ಟಿ, ಒಣ ವೈನ್ ಎರಡೇ ಇದ್ದರೆ ಬಾಯಿ ಬರಡು. ಬಿಸಿ ರೊಟ್ಟಿಗೆ ಬೆಣ್ಣೆ ಸವರಿ.

ಸಸ್ಯಾಹಾರಿ ಮನೆಗಳಿಗೆ ನನ್ನ ಮೊದಲ ಆಯ್ಕೆ ಎಣ್ಣೆಗಾಯಿ. ಎಳೆ ಬದನೆಕಾಯಿ, ಒಳಗೆ ಶೇಂಗಾ, ಎಳ್ಳು, ಗುರೆಳ್ಳು, ಕೊಬ್ಬರಿ, ಕರಿ ಮಸಾಲೆ. ಇಲ್ಲೇ ಒಂದು ಬದಲಾವಣೆ ಮಾಡಿ. ಲವಂಗಿ ಮೆಣಸಿನಕಾಯಿ ಬಿಟ್ಟು ಬ್ಯಾಡಗಿ ಹಾಕಿ. ಬಣ್ಣ ಬರುತ್ತದೆ, ಉರಿ ಬರುವುದಿಲ್ಲ. ಬೆಲ್ಲ, ಹುಣಸೆ ಕೈ ಹಿಡಿದು ಹಾಕಿ. ಸಿಹಿ ಹೆಚ್ಚಾದರೆ ವೈನ್ ಹುಳಿಯಾಗುತ್ತದೆ. ಎಣ್ಣೆಗೆ ಮಾತ್ರ ಹಿಂಜರಿಯಬೇಡಿ. ಈ ಪಲ್ಯಕ್ಕೆ ಸೆಟ್ಟೆಯಂಥ ಹುಳಿ ಇರುವ ಬಾಟಲಿ ಹಿಡಿಸುತ್ತದೆ, ಎಣ್ಣೆಯ ಜಿಡ್ಡನ್ನು ಹುಳಿ ಕತ್ತರಿಸುತ್ತದೆ. ಝುಣಕದ ವಡಿ, ಮಡಕಿಕಾಳಿನ ಉಸಳಿಯೂ ನಡೆಯುತ್ತವೆ. ಅವಕ್ಕೆ ಮೇಲೆ ಒಣಕೊಬ್ಬರಿ ಧಾರಾಳವಾಗಿರಲಿ.

ಮಟನ್‌ಗೆ ತೆಳು ರಸ್ಸಾ ಬೇಡ. ನೀರಾದ ಖಾರದ ರಸ್ಸಾದಲ್ಲಿ ಉರಿ ನೇರ ಗಂಟಲಿಗೆ ಹೋಗುತ್ತದೆ. ಸುಕ್ಕಾ ಮಾಡಿ. ಕೊಬ್ಬು ಇರುವ ತುಂಡು, ಕಪ್ಪಗೆ ಹುರಿದ ಉಳ್ಳಾಗಡ್ಡಿ, ಕೊಬ್ಬರಿ, ಕರಿ ಮಸಾಲೆ. ಖಾರ ಕಡಿಮೆ ಮಾಡಿದ್ದಕ್ಕೆ ಸಪ್ಪೆ ಅನಿಸಿದರೆ ಕರಿಮೆಣಸು ಹೆಚ್ಚಿಸಿ, ಶಿರಾಜ್ ಜೊತೆ ಅದು ಒಂದಾಗುತ್ತದೆ. ಕೆಂಡದ ಮೇಲೆ ಸುಟ್ಟ ಮಟನ್ ಇದ್ದರೆ ಕ್ಯಾಬರ್ನೆ ತೆರೆಯಿರಿ. ಸುಟ್ಟ ಅಂಚಿನ ಕಹಿ, ವೈನ್‌ನ ಒಗರು, ನಡುವೆ ಕೊಬ್ಬು. ಇದಕ್ಕಿಂತ ಒಳ್ಳೆಯ ಜೋಡಿ ಈ ಸೀಮೆಯಲ್ಲಿ ನನಗೆ ಸಿಕ್ಕಿಲ್ಲ.

ಖಾರ ಏಕೆ ಕೆಡಿಸುತ್ತದೆ ಅಂದರೆ, ಮೆಣಸಿನಕಾಯಿಯ ಉರಿಯನ್ನು ಗುರುತಿಸುವ ನರಗಳನ್ನು ಆಲ್ಕೋಹಾಲೂ ಕೆರಳಿಸುತ್ತದೆ. ಎರಡೂ ಸೇರಿದರೆ ಉರಿ ಏರುತ್ತದೆ. ಹಾಗಾಗಿ ಹಸಿಮೆಣಸಿನ ಠೇಚಾ ತಾಟಿನಲ್ಲಿ ಬೇಡ. ಬಿಟ್ಟಿರಲು ಆಗದಿದ್ದರೆ ಊಟದ ಕೊನೆಗೆ, ಗ್ಲಾಸು ಖಾಲಿಯಾದ ಮೇಲೆ ಹಾಕಿಕೊಳ್ಳಿ.

ಇನ್ನೂ ಕೆಲವು ಬೇಡ. ಉಜನಿ ಜಲಾಶಯದ ಮೀನಿಗೆ ಕೆಂಪು ವೈನ್ ಬೇಡ. ಕೆಂಪು ವೈನ್‌ನಲ್ಲಿರುವ ಕಬ್ಬಿಣದ ಅಂಶ ಮೀನಿನ ಕೊಬ್ಬಿಗೆ ತಾಗಿ ನೀಚು ವಾಸನೆ ಎಬ್ಬಿಸುತ್ತದೆ. ಶೇಂಗಾ ಹೋಳಿಗೆ, ಹೂರಣದ ಹೋಳಿಗೆ ಎರಡೂ ಬೇಡ. ಬೆಲ್ಲದ ಮುಂದೆ ಡ್ರೈ ವೈನ್ ಕಹಿ ಕಷಾಯ. ಚಳಿಗಾಲದ ಸೀತನಿಯ (ಸುಟ್ಟ ಎಳೆ ಜೋಳದ ತೆನೆ) ಜೊತೆಗೂ ಬೇಡ ಅನ್ನುತ್ತೇನೆ. ಹಾಲುಗಾಳಿನ ಎಳೆ ಸಿಹಿ ಗಟ್ಟಿ ವೈನ್‌ನ ಕೆಳಗೆ ಹೂತುಹೋಗುತ್ತದೆ. ವರ್ಷಕ್ಕೆ ಕೆಲವೇ ವಾರ ಸಿಗುವ ತಿನಿಸು ಅದು, ಅದನ್ನು ಅದರ ಪಾಡಿಗೆ ತಿನ್ನಿ.

ಬಡಿಸುವ ಕ್ರಮ, ಉಳಿದದ್ದು

ಒಂದು 750 ಮಿ.ಲೀ. ಬಾಟಲಿಯಲ್ಲಿ 150 ಮಿ.ಲೀ.ಯ ಐದು ಗ್ಲಾಸು ಆಗುತ್ತದೆ. ರುಚಿ ನೋಡುವುದಕ್ಕಾದರೆ ಎಂಟು ಜನಕ್ಕೂ ಸಾಕು. ಖಾಲಿ ಹೊಟ್ಟೆಯಲ್ಲಿ ಬೇಡ, ನೀರಿನ ತಂಬಿಗೆ ಪಕ್ಕದಲ್ಲೇ ಇರಲಿ. ಗಾಡಿ ಓಡಿಸುವವರು, ದಿನನಿತ್ಯ ಗುಳಿಗೆ ತೆಗೆದುಕೊಳ್ಳುವವರು, ಗರ್ಭಿಣಿಯರು ಚಹಾದ ಅಭ್ಯಾಸದಲ್ಲೇ ನಿಲ್ಲಲಿ. ಕುಡಿಯದವರಿಗೆ ಒತ್ತಾಯ ಮಾಡುವ ನಮ್ಮ ಊಟೋಪಚಾರದ ಚಟ ಇಲ್ಲಿ ನಡೆಯಬಾರದು.

ಮೊದಲು ವೈನ್ ಒಂದೇ, ಆಮೇಲೆ ಹಿಂಡಿ ರೊಟ್ಟಿ, ಆಮೇಲೆ ಎಣ್ಣೆಗಾಯಿ, ಕೊನೆಗೆ ಮಟನ್. ಪ್ರತಿ ಸಲ ಒಂದು ತುತ್ತು ತಿಂದು, ಪೂರ್ತಿ ನುಂಗುವ ಮುಂಚೆ ಒಂದು ಗುಟುಕು. ಆಮೇಲೆ ಮತ್ತೊಂದು ತುತ್ತು. ವೈನ್ ಮೊದಲಿಗಿಂತ ಮೆತ್ತಗಾಯಿತಾ, ಪಲ್ಯ ಮೊದಲಿಗಿಂತ ರುಚಿಯಾಯಿತಾ ಅಂತ ಎರಡೂ ಕಡೆ ಕೇಳಿ. ಒಂದೇ ಗೆದ್ದರೆ ಜೋಡಿ ಕೂಡಲಿಲ್ಲ ಅಂತ ಅರ್ಥ. ಮಜ್ಜಿಗೆ ಎಲ್ಲ ಮುಗಿದ ಮೇಲೆ.

ಉಳಿದ ವೈನನ್ನು ಮುಚ್ಚಿ ಫ್ರಿಜ್‌ನಲ್ಲಿ ನಿಲ್ಲಿಸಿಡಿ. ಸಣ್ಣ ಬಾಟಲಿಗೆ ಅಂಚಿನವರೆಗೂ ತುಂಬಿಟ್ಟರೆ ಇನ್ನೂ ಒಳ್ಳೆಯದು, ಗಾಳಿಗೆ ಜಾಗ ಇರುವುದಿಲ್ಲ. ಮೂರು ನಾಲ್ಕು ದಿನ ತಡೆಯುತ್ತದೆ. ಎರಡನೇ ದಿನ ಕೆಲವು ಎಳೆಯ ಶಿರಾಜ್‌ಗಳು ಮೊದಲ ದಿನಕ್ಕಿಂತ ಚೆನ್ನಾಗಿರುತ್ತವೆ. ಆಮೇಲೂ ಉಳಿದರೆ ಸುಕ್ಕಾ ಮಾಡುವಾಗ ಉಳ್ಳಾಗಡ್ಡಿ ಹುರಿದು, ಅರ್ಧ ಬಟ್ಟಲು ವೈನ್ ಹಾಕಿ, ಹಸಿ ವಾಸನೆ ಹೋಗುವ ತನಕ ಕುದಿಸಿ, ಆಮೇಲೆ ಮಟನ್ ಸೇರಿಸಿ. ಹಾಗೆ ಮಾಡಿದ ದಿನ ಹುಣಸೆ, ಟೊಮ್ಯಾಟೊ ಹಾಕಬೇಡಿ.